ಕಣ್ಣಿಲ್ಲದ ಎಲೆಗೆ ಬಳ್ಳಿ ಬರುವುದಿಲ್ಲ



ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯ ಕೇಳುಗರಿಂದ ಮನಿ ಪ್ಲಾಂಟ್ ಬಗ್ಗೆ ಒಂದೇ ದೂರು ಮೇಲಿಂದ ಮೇಲೆ ಬರುತ್ತಿದೆ. ಎಲೆ ತಂದು ಬಾಟಲಿಯ ನೀರಿಗೆ ಹಾಕಿದೆವು, ಬೇರು ಸೊಗಸಾಗಿ ಬಂತು, ಎಲೆಯೂ ಹಸಿರಾಗಿದೆ, ಆದರೆ ತಿಂಗಳುಗಟ್ಟಲೆ ಕಾದರೂ ಎರಡನೇ ಎಲೆ ಕಾಣಲಿಲ್ಲ. ಬೋರ್ ನೀರು ಗಡಸಾಯಿತೇ? ಗೊಬ್ಬರ ಸಾಲದೇ? ವಾಸ್ತು ಹೇಳುವಂತೆ ಆಗ್ನೇಯ ಮೂಲೆಗೆ ಇಡಬೇಕಿತ್ತೇ?

ನೀರಿನ ತಪ್ಪೂ ಅಲ್ಲ, ಗೊಬ್ಬರದ ತಪ್ಪೂ ಅಲ್ಲ, ಮೂಲೆಯದಂತೂ ಅಲ್ಲವೇ ಅಲ್ಲ. ನೀವು ತಂದ ಎಲೆಗೆ ಕಣ್ಣಿಲ್ಲ.

ಕಂಪ್ಲಿಯ ಕಬ್ಬು ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತನೆಗೆ ಕಬ್ಬು ಕಡಿಯುವಾಗ ಅವರು ಮೊದಲು ನೋಡುವುದು ಗಿಣ್ಣಿನ ಮೇಲಿನ ಕಣ್ಣನ್ನು. ಎರಡು ಕಣ್ಣಿನ ತುಂಡು, ಮೂರು ಕಣ್ಣಿನ ತುಂಡು ಎಂದೇ ಲೆಕ್ಕ. ಕಣ್ಣು ಜಜ್ಜಿಹೋದ ತುಂಡನ್ನು ಆಚೆ ಎಸೆಯುತ್ತಾರೆ. ಮನಿ ಪ್ಲಾಂಟಿನ ಬಳ್ಳಿಯೂ ಹಾಗೆಯೇ. ಎಲೆಯ ತೊಟ್ಟು ಬಳ್ಳಿಗೆ ಸೇರುವ ಕಡೆ ಒಂದು ಉಂಗುರದಂಥ ಗುರುತಿದೆ, ಅದೇ ಗಿಣ್ಣು. ಅಲ್ಲಿಯೇ ಒಂದು ಕಂದು ಬಣ್ಣದ ಮೊಂಡು ಬೇರು ಹೊರಚಾಚಿರುತ್ತದೆ. ತೊಟ್ಟಿನ ಬುಡವನ್ನು ಸ್ವಲ್ಪ ಸರಿಸಿ ನೋಡಿದರೆ, ಬಳ್ಳಿಗೆ ಅಂಟಿಕೊಂಡಂತೆ ಸಣ್ಣದೊಂದು ಮೊಗ್ಗು ಕಾಣುತ್ತದೆ. ಮುಂದಿನ ಬಳ್ಳಿ ಹೊರಡುವುದು ಅದರಿಂದ. ನೀವು ಎಲೆಯನ್ನು ತೊಟ್ಟು ಸಮೇತ ಕಿತ್ತಾಗ ಆ ಕಣ್ಣು ಬಳ್ಳಿಯ ಮೇಲೆಯೇ ಉಳಿಯಿತು. ನಿಮ್ಮ ಕೈಗೆ ಬಂದದ್ದು ಎಲೆ ಮಾತ್ರ.

ಹಾಗಾದರೆ ಬೇರು ಹೇಗೆ ಬಂತು ಎಂದು ಕೇಳುತ್ತೀರಿ. ಎಲೆಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿಳಿದು, ಕತ್ತರಿಸಿದ ತುದಿಯಲ್ಲಿ ಶೇಖರವಾಗಿ, ಅಲ್ಲಿ ಬೇರು ಹುಟ್ಟಿಸುತ್ತದೆ. ಬೇರು ಹುಟ್ಟಲು ಕಣ್ಣು ಬೇಕಿಲ್ಲ. ಬಳ್ಳಿ ಹುಟ್ಟಲು ಬೇಕು. ಬೇರು ನೋಡಿ ಹಿಗ್ಗಿ ಮಣ್ಣಿಗೆ ಹಾಕುತ್ತೀರಿ, ಟಾನಿಕ್ ಹಾಕುತ್ತೀರಿ, ಹಾಲಿನ ಪಾತ್ರೆ ತೊಳೆದ ನೀರು ಹಾಕುತ್ತೀರಿ. ಆ ಎಲೆ ವರ್ಷ ಬಾಳಿದರೂ ಒಂಟಿ ಎಲೆಯಾಗಿಯೇ ಬಾಳುತ್ತದೆ.

ಇದೇ ಆಕ್ಸಿನ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಬಳ್ಳಿಯ ತುದಿಯಿಂದ ಅದು ಕೆಳಗೆ ಇಳಿಯುತ್ತಿರುವಷ್ಟು ಕಾಲ ಕೆಳಗಿನ ಕಣ್ಣುಗಳು ಮಲಗಿಯೇ ಇರುತ್ತವೆ. ತುದಿ ಕತ್ತರಿಸಿದಿರೋ, ತಡೆ ಹೋಯಿತು. ಕತ್ತರಿಸಿದ ಜಾಗಕ್ಕೆ ಹತ್ತಿರದ ಕಣ್ಣು ಏಳುತ್ತದೆ. ಆದ್ದರಿಂದ ಬಳ್ಳಿ ಕತ್ತರಿಸಲು ಹೆದರಬೇಡಿ. 'ಮನೆಯ ಲಕ್ಷ್ಮಿಗೆ ಕತ್ತರಿ ಹಾಕಬಾರದು' ಎಂದು ಹೇಳಿ, ಕುಂಡದ ಬುಡ ಬೋಳಾಗಿ, ಬಳ್ಳಿ ಮಾತ್ರ ಕಿಟಕಿ ಸರಳಿನುದ್ದಕ್ಕೂ ಹರಿದ ಎಷ್ಟೋ ಮನೆಗಳನ್ನು ನೋಡಿದ್ದೇನೆ. ಕತ್ತರಿಸಿದರೆ ಹಳೆಯ ಬಳ್ಳಿಯೂ ಕವಲೊಡೆಯುತ್ತದೆ, ತುಂಡಿನಿಂದ ಹೊಸ ಗಿಡವೂ ಆಗುತ್ತದೆ.

ಕದ್ದು ತಂದರೇ ಮನಿ ಪ್ಲಾಂಟ್ ಚಿಗುರುವುದು ಎಂಬ ನಂಬಿಕೆಯನ್ನಂತೂ ಇನ್ನು ಬಿಡಿ. ಯಾರದೋ ಗೇಟಿನ ಬಳಿ ಅವಸರದಲ್ಲಿ ಕೈಗೆ ಸಿಗುವುದು ಎಲೆಯೇ ಹೊರತು ಗಿಣ್ಣಲ್ಲ. ಈ ಕಣ್ಣಿಲ್ಲದ ಎಲೆಗಳು ಇಷ್ಟೊಂದು ಮನೆಗಳಿಗೆ ಬಂದು ಸೇರಿರುವುದಕ್ಕೆ ಆ ನಂಬಿಕೆಯೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಪಕ್ಕದ ಮನೆಯವರನ್ನು ಕೇಳಿ, ಗಿಣ್ಣು ತೋರಿಸಿ, ಒಂದು ಗೇಣು ಬಳ್ಳಿ ಕತ್ತರಿಸಿಕೊಡಿ ಎನ್ನಿ. ಯಾರೂ ಇಲ್ಲ ಅನ್ನುವುದಿಲ್ಲ.

ಮನಿ ಪ್ಲಾಂಟಿನ ಬೀಜ ಎಂದು ಪೊಟ್ಟಣ ಮಾರುವವರನ್ನೂ ನಂಬಬೇಡಿ. ಪೆಸಿಫಿಕ್ ಸಾಗರದ ಮೊರೆಯಾ ದ್ವೀಪದ ಗಿಡವಿದು. 1880ರಲ್ಲಿ ಸಸ್ಯಶಾಸ್ತ್ರದ ಪುಸ್ತಕಕ್ಕೆ ಸೇರಿತು, ಈಗಿನ ಹೆಸರು ಎಪಿಪ್ರೆಮ್ನಮ್ ಆರಿಯಮ್. ಹೂ ಬಿಡುವುದೇ ಅಪರೂಪ. ಹೂವಿಗೆ ಬೇಕಾದ ಜಿಬ್ಬರೆಲಿನ್ ಹಾರ್ಮೋನು ಈ ಗಿಡದಲ್ಲಿ ಸರಿಯಾಗಿ ತಯಾರಾಗುವುದಿಲ್ಲ ಎಂದು 2016ರ ಸಂಶೋಧನೆಯೊಂದು ತೋರಿಸಿದೆ. ಹೂವಿಲ್ಲದ ಮೇಲೆ ಬೀಜ ಎಲ್ಲಿಂದ? ನಮ್ಮ ಪಡಸಾಲೆಗಳಿಗೆ ಇದು ಬಂದದ್ದು ಗಿಣ್ಣಿನಿಂದ ಗಿಣ್ಣಿಗೆ, ತುಂಡಿನಿಂದ ತುಂಡಿಗೆ.

ಇನ್ನು ಗುರುತಿನ ಮಾತು. ನಿಮ್ಮಲ್ಲಿರುವುದು ಮನಿ ಪ್ಲಾಂಟೋ, ಅದರಂತೆಯೇ ಕಾಣುವ ಫಿಲೋಡೆಂಡ್ರಾನೋ ಎಂದು ತಿಳಿಯಲು ಎಲೆಯ ತೊಟ್ಟಿನ ಮೇಲೆ ಬೆರಳಾಡಿಸಿ. ಮನಿ ಪ್ಲಾಂಟಿನ ತೊಟ್ಟಿನ ಮೇಲ್ಭಾಗದಲ್ಲಿ ಉದ್ದಕ್ಕೂ ಒಂದು ಕಾಲುವೆ ಸಿಗುತ್ತದೆ; ಎಲೆ ದಪ್ಪ, ಮೇಣ ಸವರಿದಂತೆ ನುಣುಪು. ಫಿಲೋಡೆಂಡ್ರಾನಿನ ಎಲೆ ತೆಳು, ಮೆದು. ಅದರ ಹೊಸ ಎಲೆ ಒಂದು ತೆಳು ಪೊರೆಯೊಳಗಿಂದ ಬರುತ್ತದೆ, ಆ ಪೊರೆ ಒಣಗಿ ಬಳ್ಳಿಗೆ ಅಂಟಿಕೊಂಡಿರುತ್ತದೆ. ಎರಡಕ್ಕೂ ಕತ್ತರಿಸುವ ಕ್ರಮ ಒಂದೇ. ಮನಿ ಪ್ಲಾಂಟಿನ ಎಲೆ ವೀಳ್ಯದೆಲೆಯಂತೆ ಕಾಣುತ್ತದೆಂದು ಮಾತ್ರ ಯಾರೂ ಅಗಿದು ನೋಡಬೇಡಿ. ಇದು ಕೆಸುವಿನ ಕುಲದ್ದು. ಎಲೆಯೊಳಗೆ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಬಾಯಿ ಉರಿಯುತ್ತದೆ, ನಾಲಿಗೆ ಊದಿಕೊಳ್ಳುತ್ತದೆ. ತೆವಳುವ ಮಗುವಿಗೂ ಆಡಿನ ಮರಿಗೂ ಎಟುಕದಂತೆ ಇಡಿ.

ಹೊತ್ತು ಮೀರುತ್ತಿದೆ, ಕತ್ತರಿಸಿ ನೆಡುವ ಕ್ರಮವನ್ನು ಬೇಗ ಹೇಳುತ್ತೇನೆ. ಎರಡು ಮೂರು ಗಿಣ್ಣಿರುವ ತುಂಡು ತೆಗೆದುಕೊಳ್ಳಿ. ಗಿಣ್ಣಿನ ಕೆಳಗೆ ಒಂದು ಬೆರಳಗಲ ಬಿಟ್ಟು ಹರಿತವಾದ ಬ್ಲೇಡಿನಿಂದ ಕತ್ತರಿಸಿ. ಕೆಳಗಿನ ಎಲೆ ತೆಗೆಯಿರಿ. ಬಾಟಲಿಯಲ್ಲಿಡುವಾಗ ಗಿಣ್ಣು ನೀರೊಳಗಿರಲಿ, ಎಲೆ ಹೊರಗಿರಲಿ. ತಲೆಕೆಳಗು ಮಾಡಬೇಡಿ. ಎರಡು ಮೂರು ವಾರದಲ್ಲಿ ಬೇರು ಕಾಣುತ್ತದೆ.

ಆ ಬಾಟಲಿಯ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮನೆಯೊಳಗಿನ ಇಂಥ ತಿಳಿನೀರೇ ಇಷ್ಟ. ಚೆಲ್ಲಿದರೆ ಸಾಲದು, ಒಳಮೈಯನ್ನು ಬ್ರಷ್ ಹಾಕಿ ತಿಕ್ಕಬೇಕು. ಸೊಳ್ಳೆಯ ಮೊಟ್ಟೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗಾಜಿಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಲಾರ್ವಾ ನೋಡಲು ಬರುವ ಆಶಾ ಕಾರ್ಯಕರ್ತೆಯರು ಡ್ರಮ್ಮು, ತೊಟ್ಟಿ ಕೇಳಿದಾಗ ತೋರಿಸುತ್ತೀರಿ. ಟಿವಿ ಪಕ್ಕದ ಈ ಬಾಟಲಿಯನ್ನೂ ತೋರಿಸಿ.

ಬೇರು ಎರಡು ಅಂಗುಲವಾದಾಗ ಮಣ್ಣಿಗೆ ಹಾಕಿ. ಬರಿ ಎರೆಮಣ್ಣು ಬೇಡ, ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ಕೆಮ್ಮಣ್ಣು, ಮರಳು, ಕಳಿತ ಗೊಬ್ಬರ ಸೇರಿಸಿ. ಸಂಡೂರಿನವರು ಎಲೆಯ ಮೇಲೆ ಕೂರುವ ಅದಿರಿನ ಕೆಂಪು ದೂಳನ್ನು ಒದ್ದೆ ಬಟ್ಟೆಯಿಂದ ಆಗಾಗ ಒರೆಸಬೇಕು, ಇಲ್ಲದಿದ್ದರೆ ಬೆಳಕು ಎಲೆಗೆ ತಾಕುವುದಿಲ್ಲ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ತುಂಡು ನೆಡಲು ಹೋಗಬೇಡಿ. ಜೂನ್ ಮಳೆ ಬೀಳಲಿ, ಆಮೇಲೆ ಕತ್ತರಿ ಹಿಡಿಯಿರಿ. ಈಗ ಬಾಟಲಿಯಲ್ಲಿರುವ ಒಂಟಿ ಎಲೆಯನ್ನು ಚಂದಕ್ಕೆ ಬೇಕಾದರೆ ಇಟ್ಟುಕೊಳ್ಳಿ, ಅದಕ್ಕೆ ಗೊಬ್ಬರ ಮಾತ್ರ ಹಾಕಬೇಡಿ.