ಶಂಖದೊಳಗಿನ ಊರು



ನಮ್ಮ ಮನೆಯ ದೇವರ ಕೋಣೆಯಲ್ಲಿ ಬಟ್ಟೆಯ ಮೇಲೆ ಬರೆದ ಹಳೆಯ ಪಟವೊಂದಿದೆ. ನನ್ನ ತಾತನವರು ಪುರಿ ಯಾತ್ರೆಯಿಂದ ಹಿಂದಿರುಗುವಾಗ ಕೊಂಡು ತಂದದ್ದು. ನೋಡಿದವರು ಅದನ್ನು ದೇವರ ಚಿತ್ರವೆಂದೇ ಭಾವಿಸುತ್ತಾರೆ; ವಾಸ್ತವವಾಗಿ ಅದೊಂದು ಭೂಪಟ. ಪುರಿಗೆ ಶಂಖಕ್ಷೇತ್ರವೆಂಬ ಹೆಸರುಂಟಷ್ಟೆ. ಚಿತ್ರಕಾರನು ಇಡೀ ಊರನ್ನು ಶಂಖದ ಆಕೃತಿಯೊಳಗೆ ಅಡಕಮಾಡಿದ್ದಾನೆ. ನಡುವೆ ಜಗನ್ನಾಥನ ದೇವಾಲಯ, ಸುತ್ತಲೂ ಚಿಕ್ಕಪುಟ್ಟ ಗುಡಿಗಳು, ಕೆಳಗೆ ಮೀನುಗಳು ಈಜಾಡುವ ಕಡಲು.

ಇಂಥ ಪಟಗಳನ್ನು ಬರೆಯುವವರು ಒಡಿಶಾದ ಚಿತ್ರಕಾರ ಮನೆತನದವರು. ಪುರಿಯ ಸಮೀಪದ ರಘುರಾಜಪುರ ಈ ಕಲೆಗೆ ಹೆಸರಾದ ಗ್ರಾಮ. ಹಳೆಯ ಹತ್ತಿಬಟ್ಟೆಗಳನ್ನು ಹುಣಸೆಬೀಜದ ಅಂಟಿನಿಂದ ಒಂದರ ಮೇಲೊಂದು ಕೂಡಿಸಿ, ಸೀಮೆಸುಣ್ಣದ ಪುಡಿಯನ್ನು ಅದೇ ಅಂಟಿನಲ್ಲಿ ಕಲಸಿ ಬಳಿದು, ಒಣಗಿದ ಮೇಲೆ ಕಲ್ಲಿನಿಂದ ಉಜ್ಜಿ ನುಣುಪುಗೊಳಿಸುತ್ತಾರೆ. ಶಂಖದ ಪುಡಿಯಿಂದ ಬಿಳಿ, ಇಂಗಳೀಕದಿಂದ ಕೆಂಪು, ಅರದಾಳದಿಂದ ಹಳದಿ, ದೀಪದ ಕಾಡಿಗೆಯಿಂದ ಕಪ್ಪು.

ನಾನು ಹೊಸದಾಗಿ ಉಪನ್ಯಾಸಕನಾಗಿದ್ದ ದಿನಗಳಲ್ಲಿ ಈ ಪಟವನ್ನು ಕಂಡು ನಕ್ಕಿದ್ದುಂಟು. “ನೋಡಮ್ಮ, ಇದರಲ್ಲಿ ಅಳತೆಯೇ ಇಲ್ಲ. ಗುಂಡಿಚಾ ಮಂದಿರ ಇರುವುದು ಸುಮಾರು 3 ಕಿಲೋಮೀಟರು ದೂರದಲ್ಲಿ. ಇಲ್ಲಿ ಒಂದು ಗೇಣೂ ಇಲ್ಲ. ಬೀದಿಯನ್ನು ಮೇಲಿನಿಂದ ಕಂಡಂತೆ, ಗುಡಿಯನ್ನು ಎದುರಿನಿಂದ ಕಂಡಂತೆ ಬರೆದಿದ್ದಾನೆ. ಗೋಡೆಯ ಹಿಂದಿನ ದೇವರು ಹೊರಗಿನವರಿಗೆ ಕಾಣುವುದುಂಟೆ?” ಎಂದೆ. “ಕಾಣಲಿ ಎಂದೇ ಅಲ್ಲವೇನೋ ಅಷ್ಟು ದೂರ ಹೋಗುವುದು?” ಎಂದಳು ಅಮ್ಮ.

ಅಳತೆಯ ಭೂಪಟದ ಉಪಕಾರವನ್ನು ನಾನು ಅಲ್ಲಗಳೆಯುವವನಲ್ಲ. 1802ರಲ್ಲಿ ಲ್ಯಾಂಬ್ಟನ್ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು ಆರಂಭಿಸಿದ ತ್ರಿಕೋನ ಮೋಜಣಿ ಮಾನವಬುದ್ಧಿಯ ಒಂದು ಮಹತ್ಸಾಧನೆಯೇ ಸರಿ. ಆದರೆ ಅದು ಹೇಳುವುದು ಎಷ್ಟು ದೂರ ಎಂಬುದನ್ನು. ಚಿತ್ರಕಾರನಾದರೋ ಯಾತ್ರಿಕನ ಮನಸ್ಸಿನಲ್ಲಿ ಯಾವುದು ದೊಡ್ಡದೋ ಅದನ್ನು ದೊಡ್ಡದಾಗಿ ಬರೆದ. ದಾರಿಯ ದೂರವನ್ನು ಮಡಿಸಿಟ್ಟ.

ಅಮ್ಮನಿಗೆ ಪುರಿಯನ್ನು ನೋಡುವ ಆಸೆಯಿತ್ತು. ಪರೀಕ್ಷೆಗಳು ಮುಗಿಯಲಿ, ಬೇಸಗೆ ಕಳೆಯಲಿ ಎಂದು ನಾನು ವರ್ಷದಿಂದ ವರ್ಷಕ್ಕೆ ಮುಂದೂಡಿದೆ. ಆಕೆ ಪ್ರತಿದಿನ ಪೂಜೆ ಮುಗಿಸಿ, ಪಟದ ಸಿಂಹದ್ವಾರದ ಮೇಲೆ ಬೆರಳಿಟ್ಟು, ತಾತನವರು ಹೇಳಿದ್ದ 22 ಮೆಟ್ಟಿಲುಗಳನ್ನು ಮೆಲ್ಲನೆ ಎಣಿಸುತ್ತಿದ್ದಳು.

ಆಕೆ ತೀರಿಕೊಂಡ ಮೇಲೆ ನಾನೊಬ್ಬನೇ ಹೋದೆ. ಸಿಂಹದ್ವಾರದ ಮುಂದೆ ಅರುಣಸ್ತಂಭ, ಒಳಗೆ ನೂಕುನುಗ್ಗಲು. ಜನರ ನಡುವೆ ಎಣಿಸುತ್ತ ಹತ್ತಿದೆ. ಎಣಿಸುತ್ತಿದ್ದ ದನಿ ನನ್ನದಾಗಿರಲಿಲ್ಲ.

ಮರಳುವಾಗ ಚಿತ್ರಕಾರರೊಬ್ಬರಿಗೆ ನಮ್ಮ ಪಟದ ವಿಚಾರ ಹೇಳಿದೆ. ಸಿಂಹದ್ವಾರದ ಬಳಿ ಬಣ್ಣ ಪೂರ್ತಿ ಸವೆದು ಬಟ್ಟೆ ಕಾಣುತ್ತಿದೆ ಎಂದಾಗ, “ತಂದುಕೊಡಿ, ಮೊದಲಿನಂತೆ ಮಾಡಿಕೊಡುತ್ತೇನೆ” ಎಂದರು. ಸಜ್ಜನರು, ಅವರಿಗೆ ವಂದಿಸಿ ಬಂದೆ. ಪಟವನ್ನು ಮಾತ್ರ ಒಯ್ಯಲಿಲ್ಲ. ಸವೆದ ಆ ಜಾಗವೂ ಈಗ ಭೂಪಟಕ್ಕೆ ಸೇರಿದ್ದು.