ಬೆನ್ನ ಮೇಲಿನ ಚೀಲ

(ನಾಗಪುರದಲ್ಲಿ ನಮ್ಮ ಕಾರ್ಮಿಕ ಬಂಧುಗಳ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಶಟರು ಎಳೆದು, ಗಲ್ಲೆಯ ಲೆಕ್ಕ ಮುಗಿಸಿ, ಕೈಕಾಲು ತೊಳೆದುಕೊಂಡು ನೀವು ಇಲ್ಲಿಗೆ ಬಂದಿದ್ದೀರಿ. ಬೆಳಿಗ್ಗೆ ಐದಕ್ಕೆ ಮತ್ತೆ ಒಲೆ ಹೊತ್ತಿಸಬೇಕಾದವರೂ ನಿಮ್ಮಲ್ಲಿದ್ದಾರೆ. ಆದುದರಿಂದ ಉದ್ದನೆಯ ಪೀಠಿಕೆ ಹಾಕಿ ನಿಮ್ಮ ನಿದ್ದೆಯನ್ನು ಕದಿಯುವ ಇಚ್ಛೆ ನಮಗಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇವೆ.

ನಮ್ಮ ಸಂಘದ ಮೂವರು ಎಳೆಯರು ಕಾರ್ಯಕಾರಿ ಸಮಿತಿಗೆ ಒಂದು ಅರ್ಜಿ ಕೊಟ್ಟಿದ್ದಾರೆ. ಇಬ್ಬರು ಅಣ್ಣ-ತಂಗಿ, ತಂದೆ ಹೋಟೆಲಿನಲ್ಲಿ ಸಪ್ಲಾಯರ್. ತಂಗಿ ನರ್ಸಿಂಗ್ ಕಲಿಯುತ್ತಿದ್ದಾಳೆ. ಮೂರನೆಯವನು ಅವರ ಗೆಳೆಯ. ಅವನ ಅಜ್ಜ ಎಂಪ್ರೆಸ್ ಗಿರಣಿಯಲ್ಲಿ ದುಡಿದವರು. ಈ ಬೇಸಿಗೆಯ ರಜೆಯಲ್ಲಿ ಬೆನ್ನಿಗೊಂದೊಂದು ಚೀಲ ಹಾಕಿಕೊಂಡು, ಮೂರು ವಾರ ನೇಪಾಳದಲ್ಲಿ ತಿರುಗಾಡಿ ಬರಬೇಕೆಂದು ಇವರ ಆಸೆ. ಕೂಡಿಟ್ಟ ಹಣಕ್ಕೆ 20,000 ರೂಪಾಯಿ ಕಡಮೆ ಬೀಳುತ್ತದೆ. ಸಂಘ ಸಾಲ ಕೊಟ್ಟರೆ ವರ್ಷದೊಳಗೆ ತೀರಿಸುತ್ತೇವೆ ಎಂದು ಬರೆದಿದ್ದಾರೆ.

ಸಮಿತಿಯಲ್ಲಿ ಒಮ್ಮತವಾಗಲಿಲ್ಲ. ಕಲಬುರ್ಗಿ ಕಡೆಯ ನಮ್ಮ ಹಿರಿಯರೊಬ್ಬರು ಎದ್ದು ನಿಂತು, "ಹೊಟ್ಟಿಗಿ ಇಲ್ದಾಗ ಊರು ಬಿಟ್ಟವರು ನಾವು. ಹೊಟ್ಟಿ ತುಂಬಿದ ಮ್ಯಾಲ ಊರು ಬಿಡೋದು ಯಾತಕ್ಕರೀ?" ಎಂದು ಕೇಳಿದರು. ಕುಂದಾಪುರದ ಕಡೆಯ ಇನ್ನೊಬ್ಬರು, "ಸಂಘದ ದುಡ್ಡು ಕಾಯಿಲೆಗೆ, ಸಾವಿಗೆ ಇಟ್ಟದ್ದು ಮಾರಾಯ್ರೆ, ಸವಾರಿಗೆ ಅಲ್ಲ" ಎಂದರು. ನಿಜ ಹೇಳಬೇಕೆಂದರೆ, ಆ ದಿನ ನಾವೂ ಅವರ ಕಡೆಗೇ ಕೈ ಎತ್ತಿದೆವು. ಆದರೆ ಮನೆಗೆ ಹೋದ ಮೇಲೆ ನಿದ್ದೆ ಹತ್ತಲಿಲ್ಲ. ಏಕೆ ಹತ್ತಲಿಲ್ಲ ಎಂಬುದನ್ನೇ ಇಂದು ನಿಮ್ಮ ಮುಂದೆ ಹೇಳಬೇಕಾಗಿದೆ.

ಬಂಧುಗಳೇ, ನಮ್ಮಲ್ಲಿ ಊರು ಬಿಡದವರು ಯಾರಿದ್ದಾರೆ? ಘಟ್ಟದ ಕೆಳಗಿನಿಂದ ಹೊರಟವನು ಒಂದು ತಗಡಿನ ಪೆಟ್ಟಿಗೆ ಹಿಡಿದು ಮುಂಬಯಿಗೆ ಬಂದ. ಪಾತ್ರೆ ತೊಳೆದ, ಮೇಜು ಒರೆಸಿದ, ಆಮೇಲೆ ಯಾರೋ ಊರಿನವರು ಕರೆದರೆಂದು ನಾಗಪುರಕ್ಕೆ ಬಂದ. ಬಡಗಣ ಕರ್ನಾಟಕದಿಂದ ಹೊರಟವನು ಗಿರಣಿಯ ಭೋಂಗಾ ಕೇಳಿ ಇಲ್ಲಿ ನಿಂತ. ಜಮ್ಶೇಟ್‌ಜಿ ಟಾಟಾ ಅವರು 1877ರ ಜನವರಿ 1ರಂದು ಆರಂಭಿಸಿದ ಎಂಪ್ರೆಸ್ ಗಿರಣಿ 2002ರಲ್ಲಿ ಮುಚ್ಚಿತು, ಭೋಂಗಾ ನಿಂತಿತು, ಬಂದವರು ಮಾತ್ರ ಇಲ್ಲಿಯವರೇ ಆಗಿ ಉಳಿದರು. ಇಷ್ಟೆಲ್ಲ ದೂರ ಬಂದ ನಾವು ದಾರಿಯಲ್ಲಿ ಏನು ನೋಡಿದೆವು? ಊಟದ ತಟ್ಟೆಯನ್ನೂ ಗಡಿಯಾರವನ್ನೂ ನೋಡಿದೆವು. ಸೀತಾಬರ್ಡಿಯ ಹತ್ತಿರ ಝೀರೋ ಮೈಲ್ ಕಲ್ಲು ಇದೆ. ಇಲ್ಲಿಂದ ಇಂಥಿಂಥ ಊರಿಗೆ ಇಷ್ಟಿಷ್ಟು ಮೈಲಿ ಎಂದು ಅದರಲ್ಲಿ ಕೆತ್ತಿದ್ದಾರೆ. ವರ್ಷಗಟ್ಟಲೆ ಅದರ ಮುಂದೆ ಸೈಕಲ್ ತುಳಿದಿದ್ದೇವೆ. ಆ ಊರುಗಳಲ್ಲಿ ಒಂದಕ್ಕಾದರೂ, ಕೆಲಸ ಹುಡುಕಲಿಕ್ಕಲ್ಲದೆ, ಸುಮ್ಮನೆ ನೋಡಲಿಕ್ಕೆಂದು ಹೋದವರು ಈ ಸಭೆಯಲ್ಲಿ ಎಷ್ಟು ಜನ?

ಇಂಥ ಪ್ರಯಾಣ ಹಣವುಳ್ಳವರ ಚಟ ಎಂದು ನಾವು ತಿಳಿದಿದ್ದೆವು. ಅದು ಸಂಪೂರ್ಣ ಸತ್ಯವಲ್ಲ. 1923ರ ಅಕ್ಟೋಬರ್ 15ರಂದು ಮುಂಬಯಿಯ ಆರು ಮಂದಿ ಪಾರ್ಸಿ ತರುಣರು ಸೈಕಲ್ ಏರಿ ಜಗತ್ತನ್ನು ಸುತ್ತಲು ಹೊರಟರು. ಅವರಲ್ಲಿ ಜಾಲ್ ಬಾಪಾಸೋಲಾ, ಆದಿ ಹಕೀಂ, ರುಸ್ತುಂ ಭೂಂಗಾರಾ ಎಂಬ ಮೂವರು ಪೂರ್ತಿ ಸುತ್ತಿ 1928ರಲ್ಲಿ ಹಿಂದಿರುಗಿದರು. ಅವರು ಬರೆದ ಪುಸ್ತಕಕ್ಕೆ ಜವಾಹರಲಾಲ್ ನೆಹರೂ ಅವರೇ ಮುನ್ನುಡಿ ಕೊಟ್ಟರು.

ಅದಕ್ಕಿಂತ ನಮಗೆ ಹತ್ತಿರವಾದ ಕಥೆ ಇನ್ನೊಂದಿದೆ. ಅದು ಆರಂಭವಾದದ್ದು ಬೆಂಗಳೂರಿನ ಒಂದು ಕಾಫಿ ಹೋಟೆಲಿನಲ್ಲಿ. 1961ರಲ್ಲಿ ಸತೀಶ್ ಕುಮಾರ್ ಮತ್ತು ಇ. ಪಿ. ಮೆನನ್ ಎಂಬ ಇಬ್ಬರು ಗೆಳೆಯರು ಅಲ್ಲಿ ಕಾಫಿ ಕುಡಿಯುತ್ತ ಪತ್ರಿಕೆ ಓದುತ್ತಿದ್ದರು. ಅಣುಬಾಂಬನ್ನು ವಿರೋಧಿಸಿದ್ದಕ್ಕೆ ಬರ್ಟ್ರಂಡ್ ರಸೆಲ್ ಎಂಬ 89 ವರ್ಷದ ವೃದ್ಧ ಪಂಡಿತರನ್ನು ಇಂಗ್ಲೆಂಡಿನಲ್ಲಿ ಜೈಲಿಗೆ ಹಾಕಿದ ಸುದ್ದಿ ಕಣ್ಣಿಗೆ ಬಿತ್ತು. ಆ ವಯಸ್ಸಿನವರು ಜೈಲಿಗೆ ಹೋಗುವಾಗ ತರುಣರಾದ ತಾವು ಕಾಫಿ ಕುಡಿಯುತ್ತ ಕುಳಿತಿದ್ದೇವಲ್ಲಾ ಎಂದು ಇಬ್ಬರಿಗೂ ನಾಚಿಕೆಯಾಯಿತು. ಅಣುಬಾಂಬಿದ್ದ ನಾಲ್ಕು ದೇಶಗಳ ರಾಜಧಾನಿಗಳಿಗೆ, ಎಂದರೆ ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್ನಿಗೆ, ನಡೆದುಕೊಂಡೇ ಹೋಗುವುದೆಂದು ನಿಶ್ಚಯಿಸಿದರು.

ವಿನೋಬಾ ಭಾವೆಯವರ ಆಶೀರ್ವಾದ ಕೇಳಿದಾಗ ಅವರು ಎರಡು ಮಾತು ಹೇಳಿದರು: ಕೈಯಲ್ಲಿ ಹಣ ಇಟ್ಟುಕೊಳ್ಳಬೇಡಿ, ಸಸ್ಯಾಹಾರ ಬಿಡಬೇಡಿ. ವಿನೋಬಾ ಎಂದರೆ ನಾಗಪುರದವರಿಗೆ ಹೊರಗಿನವರಲ್ಲ. ಅವರ ಪವನಾರ ಆಶ್ರಮ ಇಲ್ಲಿಂದ ಸುಮಾರು 70 ಕಿಲೋಮೀಟರು, ವರ್ಧೆಯ ದಾರಿಯಲ್ಲಿದೆ. 1962ರಲ್ಲಿ ಆ ಇಬ್ಬರೂ ದಿಲ್ಲಿಯ ರಾಜಘಾಟಿನಿಂದ ಹೊರಟರು. ಪಾಕಿಸ್ತಾನದ ಗಡಿಯಲ್ಲಿ ಸ್ನೇಹಿತರು ಬುತ್ತಿಯ ಪೊಟ್ಟಣ ಕೊಡಲು ಬಂದರೆ ಸತೀಶ್ ಕುಮಾರ್ ಬೇಡವೆಂದರು. ಬುತ್ತಿ ಕಟ್ಟಿಕೊಂಡು ಹೋದರೆ ಅಲ್ಲಿಯ ಜನರನ್ನು ನಂಬಲಿಲ್ಲವೆಂದೇ ಅರ್ಥ ಎಂಬುದು ಅವರ ವಾದ. ಗಡಿಯಾಚೆ ಕಾಲಿಟ್ಟಾಗ ಅವರನ್ನು ಎದುರುಗೊಳ್ಳಲು ಒಬ್ಬ ಪಾಕಿಸ್ತಾನಿ ಕಾದು ನಿಂತಿದ್ದ. ಆಫ್ಘಾನಿಸ್ತಾನ, ಇರಾನ್ ದಾಟಿ ಅವರು ಆಗಿನ ಸೋವಿಯತ್ ದೇಶವನ್ನು ಹೊಕ್ಕರು.

ಅಲ್ಲಿ ನಡೆದದ್ದನ್ನು ಚಹಾ ಮಾಡುವವರಾದ ನಾವು ವಿಶೇಷವಾಗಿ ಕೇಳಬೇಕು. ಒಂದು ಚಹಾ ಕಾರ್ಖಾನೆಯ ಹೊರಗೆ ಇಬ್ಬರು ಹೆಂಗಸರು ಸಿಕ್ಕರು. ಇವರ ಉದ್ದೇಶ ತಿಳಿದು ಅವರಲ್ಲೊಬ್ಬಳು ನಾಲ್ಕು ಪೊಟ್ಟಣ ಚಹಾ ತಂದುಕೊಟ್ಟಳು. ನಾಲ್ಕು ದೇಶಗಳ ನಾಯಕರಿಗೆ ಒಂದೊಂದು ಕೊಡಿ. ಬಾಂಬಿನ ಗುಂಡಿ ಒತ್ತಬೇಕೆಂದು ಅನಿಸಿದಾಗ ಒಂದು ನಿಮಿಷ ತಡೆದು ಈ ಚಹಾ ಕುಡಿಯಲು ಹೇಳಿ ಎಂದಳು. ಅವರು ಆ ಚಹಾ ಹೊತ್ತುಕೊಂಡು ನಡೆದರು. ಫ್ರಾನ್ಸಿನಲ್ಲಿ ಜೈಲನ್ನೂ ಕಂಡರು. ಸಮುದ್ರವನ್ನು ಹಡಗಿನಲ್ಲಿ ದಾಟಿ ಅಮೆರಿಕ ಮುಟ್ಟುವ ಹೊತ್ತಿಗೆ ಅಧ್ಯಕ್ಷ ಕೆನಡಿಯವರು 1963ರ ನವೆಂಬರಿನಲ್ಲಿ ಕೊಲೆಯಾಗಿದ್ದರು. ಅವರ ಸಮಾಧಿಯ ಬಳಿ ಯಾತ್ರೆ ಮುಗಿಯಿತು. ಸುಮಾರು 8,000 ಮೈಲಿ ದಾರಿ. ಯೋಚನೆ ಹುಟ್ಟಿದ್ದು ಹೋಟೆಲಿನ ಮೇಜಿನ ಮುಂದೆ. ಸಂದೇಶ ಕೊಟ್ಟವಳು ಕಾರ್ಖಾನೆಯ ಹೆಂಗಸು. ಇದು ನಮ್ಮ ಕಥೆಯಲ್ಲವೆಂದು ಹೇಗೆ ಹೇಳೋಣ?

ನಮ್ಮ ಮೂವರು ಎಳೆಯರು ಜಗತ್ತನ್ನು ಉದ್ಧಾರ ಮಾಡಲು ಹೊರಟಿಲ್ಲ. ಹಾಗೆಂದು ಅವರೂ ಹೇಳಿಕೊಂಡಿಲ್ಲ. ಅವರು ನೇಪಾಳವನ್ನೇ ಏಕೆ ಆರಿಸಿದರು ಎಂದು ನಾವು ಕೇಳಿದೆವು. ಮಿಲ್ ಕೆಲಸದವರ ಮೊಮ್ಮಗ, "1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಮ್ಮ ದೀಕ್ಷಾಭೂಮಿಯಲ್ಲಿ ಬೌದ್ಧರಾದರು. ಮುಂದಿನ ತಿಂಗಳೇ ಕಾಠ್ಮಂಡುವಿಗೆ ಬೌದ್ಧ ಸಮ್ಮೇಲನಕ್ಕೆ ಹೋದರು. ಬುದ್ಧ ಹುಟ್ಟಿದ ಲುಂಬಿನಿಯನ್ನು ನಾನೂ ಒಮ್ಮೆ ನೋಡಬೇಕು" ಎಂದ. ಹುಡುಗಿ ಹೇಳಿದ ಕಾರಣ ಮಾತ್ರ ನಮ್ಮನ್ನು ತಲೆ ತಗ್ಗಿಸುವಂತೆ ಮಾಡಿತು.

ಅವಳ ತಂದೆಯ ಹೋಟೆಲಿನಲ್ಲಿ ನೇಪಾಳದ ಒಬ್ಬ ಕೆಲಸಗಾರನಿದ್ದಾನೆ. ಆರು ವರ್ಷದಿಂದ ನಾವು ಅವನನ್ನು ಬಲ್ಲೆವು. ಎಲ್ಲರೂ ಅವನನ್ನು 'ಬಹಾದ್ದೂರ್' ಎನ್ನುತ್ತೇವೆ. "ಅದು ಅವರ ಹೆಸರಲ್ಲ ಮಾವ. ನೀವು ಯಾರೂ ಕೇಳಲೇ ಇಲ್ಲ" ಎಂದಳು ಆ ಹುಡುಗಿ. ಅವನ ಊರು ಪಾಲ್ಪಾ ಜಿಲ್ಲೆಯ ಒಂದು ಗುಡ್ಡದ ಮೇಲೆ. ಮೂರು ವರ್ಷದಿಂದ ಊರಿಗೆ ಹೋಗಿಲ್ಲ. "ನೀವು ಹೋಗುವುದಾದರೆ ನಮ್ಮ ಮನೆಯಲ್ಲಿ ಉಳಿದುಕೊಳ್ಳಿ. ಅಮ್ಮನಿಗೆ ಒಂದು ಸ್ವೆಟರು, ಒಂದು ಜೊತೆ ಕನ್ನಡಕ ತಲಪಿಸಿ" ಎಂದು ಅವನೇ ಕೇಳಿದ್ದಾನಂತೆ.

ಬಂಧುಗಳೇ, ಈ ಊರಿಗೆ ನಾವು ಬಂದ ಹೊಸತರಲ್ಲಿ ಉಡುಪಿಯವನಿಗೂ ಬೀದರಿನವನಿಗೂ ಒಂದೇ ಹೆಸರಿತ್ತು: 'ಮದ್ರಾಸಿ'. ಅದು ನಮಗೆ ಎಷ್ಟು ಚುಚ್ಚುತ್ತಿತ್ತು! ಈಗ ಪಕ್ಕದಲ್ಲೇ ದೋಸೆ ಹೊಯ್ಯುವವನ ಹೆಸರನ್ನು ನಾವು ಆರು ವರ್ಷ ಕೇಳಲಿಲ್ಲ. ನಮಗೆ ನೇಪಾಳ ಹೇಗೆ ಪರದೇಶವೋ ಅವನಿಗೆ ನಾಗಪುರ ಹಾಗೆ. ನಿದ್ದೆ ಹತ್ತದೆ ಇದ್ದದ್ದು ಈ ಮಾತಿನಿಂದ. ಪರದೇಶ ನೋಡುವುದೆಂದರೆ ಫೋಟೋ ತೆಗೆದುಕೊಂಡು ಬರುವುದಷ್ಟೇ ಅಲ್ಲ. ನಮ್ಮ ಪಕ್ಕದಲ್ಲಿರುವವನು ಯಾರೆಂದು ಅರಿತು ಬರುವುದೂ ಹೌದು.

ಇನ್ನು ಭಯದ ಮಾತು. ತಾಯಂದಿರ ಭಯ ಸುಳ್ಳಲ್ಲ. ನಮ್ಮವನೇ ಒಬ್ಬ ಯುವಕ ಏಜೆಂಟನೊಬ್ಬನ ಮಾತು ನಂಬಿ, ಪ್ರವಾಸಿ ವೀಸಾದ ಮೇಲೆ ಕೊಲ್ಲಿ ದೇಶಕ್ಕೆ ಕೆಲಸಕ್ಕೆ ಹೋಗಿ, ಪಾಸ್‌ಪೋರ್ಟು ಕಳೆದುಕೊಂಡು, ಬರಿಗೈಯಲ್ಲಿ ಬಂದದ್ದನ್ನು ನಾವು ಮರೆತಿಲ್ಲ. ಆದರೆ ಅದು ಬೇರೆ, ಇದು ಬೇರೆ. ಪ್ರವಾಸಿ ವೀಸಾದಲ್ಲಿ ಕೆಲಸ ಮಾಡಲಾಗದು, ಮಾಡಬಹುದೆನ್ನುವವನು ಮೋಸಗಾರ. ಪಾಸ್‌ಪೋರ್ಟು 1967ರ ಕಾನೂನಿನಂತೆ ಭಾರತ ಸರಕಾರದ ಸ್ವತ್ತು. ಅದನ್ನು ಕಸಿದಿಟ್ಟುಕೊಳ್ಳುವ ಹಕ್ಕು ಯಾವ ಧಣಿಗೂ ಇಲ್ಲ, ಏಜೆಂಟನಿಗೂ ಇಲ್ಲ. ಈ ಎರಡು ಮಾತನ್ನು ನಮ್ಮ ಪ್ರತಿಯೊಂದು ಮನೆಯವರೂ ನೆನಪಿಡಬೇಕು.

ನೇಪಾಳಕ್ಕೆ ಹೋಗುವುದರಲ್ಲಿ ಇಂಥ ತೊಡಕು ಕಡಮೆ. 1950ರ ಭಾರತ-ನೇಪಾಳ ಒಪ್ಪಂದದ ಕಾಲದಿಂದ ಎರಡು ದೇಶಗಳ ಜನರಿಗೆ ಗಡಿ ತೆರೆದಿದೆ. ನಮ್ಮವರಿಗೆ ವೀಸಾ ಬೇಡ. ಪಾಸ್‌ಪೋರ್ಟು ಅಥವಾ ಚುನಾವಣಾ ಆಯೋಗದ ಮತದಾರ ಚೀಟಿ ಇದ್ದರೆ ಸಾಕು. ಬೆಳೆದವರಿಗೆ ಆಧಾರ್ ಕಾರ್ಡು ಒಂದೇ ನಡೆಯದು. ನಮ್ಮ 100 ರೂಪಾಯಿಗೆ ಅಲ್ಲಿಯ 160 ರೂಪಾಯಿ. ಇದು 1993ರಿಂದ ಬದಲಾಗಿಲ್ಲ. ನಾಗಪುರದಿಂದ ಗೋರಖಪುರಕ್ಕೆ ರೈಲು. ಅಲ್ಲಿಂದ ಸೋನೌಲಿ ಗಡಿಗೆ ಬಸ್ಸು. ಗಡಿ ದಾಟಿದರೆ ಲುಂಬಿನಿ ಹತ್ತಿರ. ಬುಟವಲ್ ಮೇಲೆ ಹತ್ತಿದರೆ ಪಾಲ್ಪಾ, ಮುಂದೆ ಪೋಖರಾ. ಮಳೆಗಾಲದಲ್ಲಿ ಅಲ್ಲಿಯ ಗುಡ್ಡಗಳು ಜರಿಯುತ್ತವೆ. ಆದುದರಿಂದ ಮೇ ಮುಗಿಯುವುದರೊಳಗೆ ಹಿಂದಿರುಗಬೇಕೆಂದು ನಾವು ಷರತ್ತು ಹಾಕಿದ್ದೇವೆ, ಅವರು ಒಪ್ಪಿದ್ದಾರೆ.

ಹುಡುಗಿಯನ್ನು ಕಳುಹಿಸುವುದು ಹೇಗೆ ಎಂದು ಕೆಲವರು ಕೇಳಿದರು. ಅವಳ ತಾಯಿ ಇಲ್ಲೇ ಕುಳಿತಿದ್ದಾರೆ. ನಾವು ಅವರನ್ನೇ ವಿಚಾರಿಸಿದೆವು. "ರಾತ್ರಿ ಪಾಳಿಯಲ್ಲಿ ಆಸ್ಪತ್ರೆಗೆ ಒಬ್ಬಳೇ ಹೋಗಿ ಬರುತ್ತಾಳೆ. ಅದಕ್ಕೆ ಯಾರೂ ಬೇಡ ಅನ್ನಲಿಲ್ಲ. ದುಡಿಯಲಿಕ್ಕೆ ಹೋಗಬಹುದು, ನೋಡಲಿಕ್ಕೆ ಹೋಗಬಾರದಾ?" ಎಂದರು ಆ ತಾಯಿ. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ನಿಮ್ಮಲ್ಲಿದ್ದರೆ ಈಗ ಎದ್ದು ಹೇಳಬಹುದು.

ಉಳಿದದ್ದು ಹಣದ ಪ್ರಶ್ನೆ. ಇದರಲ್ಲಿ ಕುಂದಾಪುರದ ಅಣ್ಣ ಹೇಳಿದ್ದೇ ಸರಿ. ಸಹಾಯ ನಿಧಿಯ ಒಂದು ಪೈಸೆಯನ್ನೂ ಮುಟ್ಟಬಾರದು. ಅದು ಆಸ್ಪತ್ರೆಯಲ್ಲಿ ಮಲಗಿದವನದು, ಗಂಡನನ್ನು ಕಳೆದುಕೊಂಡವಳದು. ಆದುದರಿಂದ ನಮ್ಮ ಸೂಚನೆ ಬೇರೆ. ಬಾಗಿಲ ಬಳಿ ಒಂದು ಡಬ್ಬಿ ಇಡೋಣ. ಇಷ್ಟವಿದ್ದವರು ಒಂದು ಪ್ಲೇಟು ಇಡ್ಲಿಯ ಬೆಲೆಯನ್ನು ಅದರಲ್ಲಿ ಹಾಕಲಿ. ಮೊದಲ ಕಾಣಿಕೆ ನಮ್ಮದು. ಕೂಡಿದ್ದನ್ನು ಬಡ್ಡಿಯಿಲ್ಲದ ಸಾಲವಾಗಿ ಕೊಡೋಣ. ಅವರು ತೀರಿಸಿದ ಹಣ ಮತ್ತೆ ಡಬ್ಬಿಗೇ ಬರಲಿ; ಮುಂದಿನ ಬೇಸಿಗೆಗೆ ಇನ್ನು ಮೂವರು ಹೊರಡಲಿ. 20,000 ಕೂಡದಿದ್ದರೆ ಮೂರು ವಾರದ ಬದಲು ಎರಡು ವಾರ ತಿರುಗಲಿ.

ಇನ್ನೊಂದು ಷರತ್ತು. ಬಂದ ಮೇಲೆ ಅವರು ಇದೇ ಜಾಗದಲ್ಲಿ ನಿಂತು, ಕಂಡದ್ದನ್ನು ಕನ್ನಡದಲ್ಲಿ ನಮಗೆ ಹೇಳಬೇಕು. ಅವತ್ತು ಪಾಲ್ಪಾದ ನಮ್ಮ ಸಹೋದ್ಯೋಗಿಯನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಬೇಕು. ಅವನ ತಾಯಿಯ ಸುದ್ದಿಯನ್ನು ಮೊದಲು ಅವನು ಕೇಳಲಿ. ಅವನ ಹೆಸರನ್ನು ನಾವು ಈಗ ಕೇಳಿ ತಿಳಿದಿದ್ದೇವೆ. ಅದನ್ನು ಇಲ್ಲಿ ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋದಾಗ ನೀವೇ ಅವನನ್ನು ಕೇಳಿರಿ. ನಿಮ್ಮ ನಿಮ್ಮ ಹೋಟೆಲಿನಲ್ಲಿರುವ ಅಂಥವರನ್ನೂ ಕೇಳಿರಿ.

ಸಭೆ ಒಪ್ಪಿದರೆ ಕೈ ಎತ್ತಬೇಕು. ಒಪ್ಪದಿದ್ದರೆ ಕಾರಣ ಹೇಳಬೇಕು. ನಮ್ಮ ಮಾತು ಮುಗಿಯಿತು.