ತಾಮ್ರದ ತುಣುಕಿನ ಉದ್ದಗಲ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಆಂಟೆನಾದ ಮಾತೇಕೆಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಮನೆಗಳಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳು ಬಹಳ. ಅವರ ವಿದ್ಯೆ ಮನೆಮಾತಿನಲ್ಲಿ ಹಿರಿಯರಿಗೂ ತಿಳಿಯದಿದ್ದರೆ ಒಂದೇ ಮನೆಯಲ್ಲಿ ಎರಡು ಊರುಗಳಾದಂತೆ.

ಮೈಕ್ರೋಸ್ಟ್ರಿಪ್ ಆಂಟೆನಾ ನೋಡಲು ಬಲು ಸರಳ. ವಿದ್ಯುತ್ ಹರಿಯದ ತೆಳು ಹಲಗೆ. ಅದರ ಕೆಳಗೆಲ್ಲ ತಾಮ್ರ, ಮೇಲೆ ಆಯಾಕಾರದ ಸಣ್ಣ ತಾಮ್ರದ ತುಣುಕು. ಈ ತುಣುಕೇ ಪ್ಯಾಚ್. 1953ರಲ್ಲಿ ಜಾರ್ಜ್ ಡೆಶಾಂಪ್ಸ್ ಇದರ ಕಲ್ಪನೆಯನ್ನು ಮುಂದಿಟ್ಟರು. 1970ರ ದಶಕದಲ್ಲಿ ಅದು ಬಳಕೆಗೆ ಬಂದಿತು.

ಇದರ ಉದ್ದಕ್ಕೊಂದು ಕೆಲಸ, ಅಗಲಕ್ಕೊಂದು ಕೆಲಸ. ಉದ್ದವು ಶ್ರುತಿಯನ್ನು ನಿರ್ಧರಿಸುತ್ತದೆ. ಕೊಳಲು ಗಿಡ್ಡವಾದಷ್ಟೂ ಶ್ರುತಿ ಏರುವಂತೆ, ಪ್ಯಾಚ್ ಗಿಡ್ಡವಾದಷ್ಟೂ ಆವರ್ತನ ಏರುತ್ತದೆ. ಕಾಲೇಜುಗಳಲ್ಲಿ ಬಳಸುವ 1.6 ಮಿ.ಮೀ. ದಪ್ಪದ ಎಫ್‌ಆರ್-4 ಹಲಗೆಯನ್ನೇ ನೋಡೋಣ. 2.4 ಗಿಗಾಹರ್ಟ್ಸ್‌ನ ಅಲೆ ಗಾಳಿಯಲ್ಲಿ 12.5 ಸೆಂ.ಮೀ.; ಈ ಹಲಗೆಯಲ್ಲಿ ಸುಮಾರು 6.2 ಸೆಂ.ಮೀ.ಗೆ ಕುಗ್ಗುತ್ತದೆ. ಅದರ ಅರ್ಧ 31 ಮಿ.ಮೀ. ಆದರೆ ಕೊಳಲಿನ ತುದಿಯಿಂದ ಕಂಪನವು ಕೊಂಚ ಹೊರಚಾಚುವಂತೆ ವಿದ್ಯುತ್ ಕ್ಷೇತ್ರವೂ ಪ್ಯಾಚಿನ ಎರಡು ತುದಿಗಳಿಂದ ಹೊರಚಾಚುತ್ತದೆ. ಅಷ್ಟನ್ನು ಕಳೆದರೆ ಉಳಿಯುವುದು 29 ಮಿ.ಮೀ. ಚಿಲ್ಲರೆ. ಹೀಗೆ ಹೊರಚಾಚಿದ ಕ್ಷೇತ್ರದಿಂದಲೇ ಅಲೆ ಆಕಾಶಕ್ಕೆ ಹೊರಡುತ್ತದೆ.

ಅಗಲ ಇಲ್ಲಿ ಸುಮಾರು 38 ಮಿ.ಮೀ. ಅಗಲ ಹೆಚ್ಚಿದಂತೆ ಅಲೆ ಸರಾಗವಾಗಿ ಹೊರಡುತ್ತದೆ, ಅಂಚಿನ ರೋಧ ಇಳಿಯುತ್ತದೆ. ಮಿತಿ ಮೀರಿದರೆ ಬೇಡದ ಕಂಪನಗಳು ಏಳುತ್ತವೆ. ಅಂಚಿನ ರೋಧ ಸಾಮಾನ್ಯವಾಗಿ ನೂರಾರು ಓಮ್, ಜೋಡಿಸುವ ತಂತಿಯದು 50 ಓಮ್. ಆದುದರಿಂದ ತಂತಿಯನ್ನು ಅಂಚಿನಿಂದ ಒಳಕ್ಕೆ ಸರಿಸಿ ಜೋಡಿಸುವುದುಂಟು.

ಹಲಗೆ ದಪ್ಪವಾದರೆ ಆವರ್ತನದ ಹರವು ಹಿಗ್ಗುತ್ತದೆ. ಆದರೆ ಶಕ್ತಿಯ ಒಂದು ಪಾಲು ಹಲಗೆಯಲ್ಲೇ ಹರಿದು ಪೋಲಾಗುತ್ತದೆ.

ಈಗ ಮುಖ್ಯ ಮಾತು. ಉದ್ದ ಒಂದೇ ಮಿಲಿಮೀಟರ್ ಹೆಚ್ಚಾದರೆ ಆವರ್ತನ ಸುಮಾರು 80 ಮೆಗಾಹರ್ಟ್ಸ್ ಇಳಿದು, ಪ್ಯಾಚ್ ವೈಫೈ ಸೀಮೆಯಿಂದಲೇ ಹೊರಬೀಳುತ್ತದೆ. ಉದ್ದದ ತಪ್ಪನ್ನು ಅಗಲದಿಂದ ತೀರಿಸಹೊರಟರೆ ಶ್ರಮ ವ್ಯರ್ಥ. ತರುಣರು ಮೊದಲು ಕೂದಲೆಳೆಯಷ್ಟು ಉದ್ದ ಉಳಿಸಿಕೊಂಡು, ಅಳೆದು, ಬಳಿಕ ಸವೆಸುವುದು ಲೇಸು. ಸವೆದ ತಾಮ್ರವನ್ನು ಮರಳಿ ಕೂಡಿಸುವುದು ಕಷ್ಟ.

ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಮಗನೋ ಮಗಳೋ ರಾತ್ರಿಯೆಲ್ಲ ಕುಳಿತು ಅಂಗುಲದಷ್ಟು ತಾಮ್ರವನ್ನು ಮತ್ತೆ ಮತ್ತೆ ಸವೆಸುತ್ತಿದ್ದರೆ ಕಾಲಹರಣವೆಂದು ಗದರಬೇಡಿ. ಅವರು ಶ್ರುತಿ ಕೂಡಿಸುತ್ತಿದ್ದಾರೆ.